ಮನೆ ಒಂದು, ಹಕ್ಕುದಾರರು ನಾಲ್ವರು: ದಿವಾಳಿಯೋ, ಲಿಲಾವೋ?

ಮುಧೋಳ, ಜಮಖಂಡಿ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಸೀಮೆಯಲ್ಲಿ ಮನೆ ಮತ್ತು ವ್ಯಾಪಾರಗಳ ನಡುವೆ ಗೋಡೆ ಎಬ್ಬಿಸಿಕೊಂಡವರು ಕಡಿಮೆ. ಬನಹಟ್ಟಿಯ ನೇಕಾರನ ಮನೆಯಲ್ಲಿ ಮುಂದಿನ ಭಾಗದಲ್ಲಿ ಮಗ್ಗ, ಹಿಂಭಾಗದಲ್ಲಿ ಅಡಿಗೆಮನೆ. ಪೇಟೆಯ ಅಡತಿ ಅಂಗಡಿಯ ಮೇಲಿನ ಮಾಳಿಗೆಯಲ್ಲೇ ಕುಟುಂಬದ ವಾಸ. ಸಾಲಕ್ಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದಾಗ ತಾರಣವಾಗಿ ಕೊಡಲು ಕೈಯಲ್ಲಿರುವುದು ಬಹುಮಟ್ಟಿಗೆ ಆ ಮನೆಯ ಉತಾರವೊಂದೇ. ಆ ಉತಾರದಲ್ಲಿಯೂ ಒಂದೇ ಹೆಸರು ಇರುವುದು ಅಪರೂಪ. ತಂದೆ ಕಟ್ಟಿಸಿದ ಮನೆ. ತಂದೆಯ ಕಾಲಾನಂತರ ತಾಯಿ, ಅಣ್ಣ, ತಮ್ಮ, ಮದುವೆಯಾಗಿ ಹೋದ ತಂಗಿ ಎಲ್ಲರೂ ಅದರಲ್ಲಿ ಹಕ್ಕುದಾರರು. ವ್ಯಾಪಾರ ಮಾತ್ರ ಒಬ್ಬನದು.

ಅಂಥ ವ್ಯಾಪಾರ ಕುಸಿದಾಗ ಬಜಾರಿನಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಬ್ಯಾಂಕಿನವರು ಮನೆಯನ್ನು ಲಿಲಾವು ಮಾಡಿದರೆ ಮಾಡಲಿ ಎಂಬುದು ಒಂದು. ಕೋರ್ಟಿಗೆ ಹೋಗಿ ದಿವಾಳಿ ತೆಗೆದುಬಿಟ್ಟರೆ ಮನೆ ಉಳಿಯುತ್ತದೆ ಎಂಬುದು ಇನ್ನೊಂದು. ಎರಡನೆಯ ನಂಬಿಕೆ ಬಹಳ ಹಳೆಯದು, ಬಹಳ ಗಟ್ಟಿಯಾದದ್ದು. ಆದರೆ ಕಾನೂನಿನ ಆಧಾರವಿಲ್ಲದ್ದು. ತಾರಣವಿಟ್ಟ ಮನೆಯನ್ನು ದಿವಾಳಿ ಉಳಿಸುವುದಿಲ್ಲ. ತಾರಣವಿಡದ ಜಂಟಿ ಮನೆಯೊಳಗೆ ಅಪರಿಚಿತನನ್ನು ತಂದು ನಿಲ್ಲಿಸುವ ದಾರಿಯೂ ಕೆಲವೊಮ್ಮೆ ದಿವಾಳಿಯೇ ಆಗುತ್ತದೆ. ಈ ಎರಡು ಸಂಗತಿಗಳನ್ನು ಅರಿಯದೆ ವಕೀಲರ ಕಚೇರಿಗೆ ಹೋಗುವ ವರ್ತಕನು ಸ್ವಂತ ಸಾಲದೊಂದಿಗೆ ಒಡಹುಟ್ಟಿದವರ ಪಾಲನ್ನೂ ಪಣಕ್ಕಿಡುತ್ತಾನೆ.

ನೂರು ವರ್ಷ ದಾಟಿದ ಕಾಯ್ದೆ

2016ರ ದಿವಾಳಿ ಸಂಹಿತೆಯ ಹೆಸರು ಈಗ ಎಲ್ಲರಿಗೂ ಪರಿಚಿತ. ಆದರೆ ಅದರಲ್ಲಿ ವ್ಯಕ್ತಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಸಂಬಂಧಿಸಿದ ಮೂರನೆಯ ಭಾಗವು ಪೂರ್ಣವಾಗಿ ಜಾರಿಗೆ ಬಂದಿಲ್ಲವೆಂಬುದು ಅನೇಕರಿಗೆ ತಿಳಿಯದು. 2019ರ ಡಿಸೆಂಬರ್ 1ರಿಂದ ಅದು ಅನ್ವಯವಾದದ್ದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡು ಅದರ ಸಾಲಕ್ಕೆ ಸಹಿ ಹಾಕಿದ ಸಣ್ಣ ಉದ್ದಿಮೆದಾರನು ಆ ದಾರಿಯಲ್ಲಿ ಬರುತ್ತಾನೆ. ಅಲ್ಲಿಯೂ ವಾಸದ ಮನೆಗೆ ಸಿಗುವ ರಕ್ಷಣೆಗೆ ಒಂದು ಶರತ್ತುಂಟು: ಆ ಮನೆ ಯಾರಿಗೂ ತಾರಣವಾಗಿರಬಾರದು, ಮೌಲ್ಯವೂ ನಿಯಮಗಳಲ್ಲಿ ಹೇಳಿದ ಮಿತಿಯೊಳಗಿರಬೇಕು. ಬ್ಯಾಂಕಿನಲ್ಲಿ ಪತ್ರವಿಟ್ಟ ಮನೆಗೆ ಈ ರಕ್ಷಣೆ ಸಲ್ಲದು.

ಉಳಿದವರಿಗೆ, ಅಂದರೆ ಸ್ವಂತ ಹೆಸರಿನಲ್ಲಿ ಅಂಗಡಿ ನಡೆಸುವವನಿಗೆ, ಮಗ್ಗದ ಮಾಲೀಕನಿಗೆ, ಅಣ್ಣತಮ್ಮಂದಿರ ಪಾಲುದಾರಿಕೆಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಇದರ ವಯಸ್ಸು ಅದರ ಅಂಕಿಗಳಲ್ಲೇ ಕಾಣುತ್ತದೆ. ದಿವಾಳಿ ಅರ್ಜಿ ಸಲ್ಲಿಸಲು 500 ರೂಪಾಯಿಯ ಸಾಲವಿದ್ದರೆ ಸಾಕು. ಸಾಲ ಹಂಚಿಕೆಯಲ್ಲಿ ಆಳು, ಗುಮಾಸ್ತರ ನಾಲ್ಕು ತಿಂಗಳ ಸಂಬಳಕ್ಕೆ ಮೊದಲ ಸ್ಥಾನವಿದೆ, ಆದರೆ ಒಬ್ಬರಿಗೆ ಒಟ್ಟು 20 ರೂಪಾಯಿಗೆ ಮೀರದಂತೆ! ಅರ್ಜಿಯ ವಿಚಾರಣೆ ನಡೆಯುವುದು ಜಿಲ್ಲಾ ನ್ಯಾಯಾಲಯದಲ್ಲಿ.

ಅರ್ಜಿ ಮಂಜೂರಾಗಿ ಒಬ್ಬನನ್ನು ದಿವಾಳಿಯೆಂದು ಘೋಷಿಸಿದ ಕೂಡಲೇ ಅವನ ಆಸ್ತಿಯೆಲ್ಲ ನ್ಯಾಯಾಲಯಕ್ಕೆ ಅಥವಾ ನ್ಯಾಯಾಲಯ ನೇಮಿಸಿದ ರಿಸೀವರ್‌ಗೆ ಸೇರುತ್ತದೆ. ಕೈಗಡ ಕೊಟ್ಟವರು, ಮಾಲು ಪೂರೈಸಿದವರು ಆ ಮೇಲೆ ನ್ಯಾಯಾಲಯದ ಅನುಮತಿ ಇಲ್ಲದೆ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆಯ ಆದೇಶವನ್ನು ಕೇಳಬಹುದು. ಇಷ್ಟರಿಂದಲೇ ಜನರು ಈ ಕಾಯ್ದೆಯನ್ನು ಕವಚವೆಂದು ತಿಳಿದಿದ್ದಾರೆ. ಆದರೆ ಅದೇ 28ನೆಯ ಕಲಮಿನ 6ನೆಯ ಉಪಕಲಮು ತಾರಣ ಪಡೆದ ಸಾಲಗಾರನ, ಎಂದರೆ ಬ್ಯಾಂಕಿನ, ಹಕ್ಕಿಗೆ ಯಾವ ಬಾಧಕವೂ ಇಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಮನೆಯ ಮೇಲೆ ಬೋಜಾ ಇರುವ ಬ್ಯಾಂಕು ದಿವಾಳಿ ಪ್ರಕರಣದ ಹೊರಗೇ ನಿಂತು ತನ್ನ ವಸೂಲಾತಿಯನ್ನು ಮುಂದುವರಿಸಬಹುದು.

ಜಂಟಿ ಮನೆಯವರು ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು 44ನೆಯ ಕಲಮು. ದಿವಾಳಿಯಾದವನಿಗೆ ಕೊನೆಗೆ ವಿಮೋಚನೆ ದೊರೆತರೂ ಅವನ ಪಾಲುದಾರ, ಅವನೊಡನೆ ಜಂಟಿಯಾಗಿ ಸಾಲಕ್ಕೆ ಬದ್ಧನಾದವನು, ಅವನಿಗೆ ಜಾಮೀನು ನಿಂತವನು ಇವರಾರಿಗೂ ಬಿಡುಗಡೆ ಇಲ್ಲ. ಅಣ್ಣನು ದಿವಾಳಿ ಎಂದು ನಿರಾಳನಾದ ದಿನವೇ ಸಾಲದ ಪೂರ್ಣ ಭಾರವು ಸಹಿ ಹಾಕಿದ ತಮ್ಮನ ಹೆಗಲಿಗೆ ಇಳಿಯುತ್ತದೆ.

ಬ್ಯಾಂಕಿನ ಗಡಿಯಾರ

ಇನ್ನು ಲಿಲಾವಿನ ಮಾತು. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ತಾರಣವಿಟ್ಟ ಮನೆಯನ್ನು ಮಾರಲು ಬ್ಯಾಂಕು ಸಿವಿಲ್ ನ್ಯಾಯಾಲಯದಿಂದ ಡಿಕ್ರಿ ತರಬೇಕಾಗಿಲ್ಲ. ಈ ಕಾಯ್ದೆಯು ಸಹಕಾರಿ ಬ್ಯಾಂಕುಗಳಿಗೆ ಸಲ್ಲುವುದೋ ಇಲ್ಲವೋ ಎಂಬ ವಾದ ಬಹುಕಾಲ ನಡೆಯಿತು. ನೆರೆಯ ಕೊಲ್ಲಾಪುರ ಜಿಲ್ಲೆಯ ಮುರಗೂಡಿನ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2020ರ ಮೇ 5ರಂದು ಸಲ್ಲುತ್ತದೆ ಎಂದು ತೀರ್ಮಾನಿಸಿತು. ಸಹಕಾರಿ ಬ್ಯಾಂಕುಗಳ ಸಾಲದ ಮೇಲೆಯೇ ಬಹುಪಾಲು ವ್ಯಾಪಾರ ನಡೆಯುವ ಈ ಭಾಗಕ್ಕೆ ಆ ತೀರ್ಪು ಬಹು ಮುಖ್ಯ. ಪತ್ತಿನ ಸಂಘಗಳೂ ಸೌಹಾರ್ದ ಸಹಕಾರಿಗಳೂ ಬ್ಯಾಂಕುಗಳಲ್ಲ. ಅವು 1959ರ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಕಾಯ್ದೆಯಂತೆ ಪ್ರಕರಣ ನಡೆಸಿಯೇ ವಸೂಲಿಗೆ ಬರಬೇಕು. ಆದ್ದರಿಂದ ಸಾಲ ಯಾರದು ಎಂಬುದರ ಮೇಲೆ ಕುಟುಂಬಕ್ಕೆ ಸಿಗುವ ಸಮಯ ನಿಂತಿದೆ.

ಬ್ಯಾಂಕಿನ ಸಾಲವಾದರೆ ಕಂತು ಅಥವಾ ಬಡ್ಡಿ 90 ದಿನ ಮೀರಿ ಬಾಕಿಯಾದಾಗ ಖಾತೆಯು ಅನುತ್ಪಾದಕವೆನಿಸುತ್ತದೆ. ಬಳಿಕ 60 ದಿನಗಳ ಬೇಡಿಕೆ ನೋಟೀಸು. ಅದಕ್ಕೆ ಸಾಲಗಾರನು ಬರಹದಲ್ಲಿ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನಗಳೊಳಗೆ ಕಾರಣಸಹಿತ ಉತ್ತರಿಸಲೇಬೇಕು. ನೋಟೀಸನ್ನು ಕಪಾಟಿನಲ್ಲಿಟ್ಟು ಸುಮ್ಮನಿರುವವರೇ ಹೆಚ್ಚು. ಒಂದು ಪುಟದ ಆಕ್ಷೇಪಣೆಯೂ ಮುಂದೆ ನ್ಯಾಯಮಂಡಳಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಅರವತ್ತು ದಿನ ಕಳೆದ ಮೇಲೆ ಮನೆಯ ಬಾಗಿಲಿಗೆ ಸ್ವಾಧೀನ ಸೂಚನೆ ಬೀಳುತ್ತದೆ, ಎರಡು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ, ಒಂದು ಕನ್ನಡ ಪತ್ರಿಕೆಯಲ್ಲಿ. ಊರಿಗೆಲ್ಲ ವಿಷಯ ತಿಳಿಯುವುದು ಅಂದೇ. ಕೈಗಡದವರು ಬಾಗಿಲಿಗೆ ಬರತೊಡಗುವುದೂ ಅಂದಿನಿಂದಲೇ. ಸ್ವಾಧೀನ ಕ್ರಮದ ವಿರುದ್ಧ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನಗಳ ಅವಧಿ. ಮುಧೋಳದವನು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕು. ಮಾರಾಟಕ್ಕೆ ಮುನ್ನ ಸಾಲಗಾರನಿಗೆ 30 ದಿನಗಳ ಸೂಚನೆ ಕೊಡಬೇಕು.

ಇವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ದಿನ ಒಂದುಂಟು. ಮೊದಲು ಲಿಲಾವು ಮುಗಿದು ಮಾರಾಟ ಪೂರ್ಣವಾಗುವವರೆಗೂ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳಬಹುದೆಂಬ ಅಭಿಪ್ರಾಯವಿತ್ತು. 2016ರ ತಿದ್ದುಪಡಿಯ ನಂತರ ಆ ಹಕ್ಕು ಲಿಲಾವಿನ ಪ್ರಕಟಣೆ ಹೊರಬೀಳುವ ದಿನದವರೆಗೆ ಮಾತ್ರ. 2023ರ ಸೆಪ್ಟೆಂಬರ್ 21ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಖಚಿತಪಡಿಸಿತು. ಕಬ್ಬಿನ ಬಿಲ್ಲು ಬಂದ ಮೇಲೆ ಕಟ್ಟುತ್ತೇವೆ, ಲಿಲಾವಿನ ದಿನದೊಳಗೆ ಹೇಗಾದರೂ ಹೊಂದಿಸುತ್ತೇವೆ ಎಂದು ಕಾಯುವವರು ಈ ಒಂದು ವಾಕ್ಯವನ್ನು ನೆನಪಿನಲ್ಲಿಡುವುದು ಒಳಿತು. ಪ್ರಕಟಣೆ ಹೊರಬಿದ್ದ ಮೇಲೆ ಪೂರ್ತಿ ಹಣ ತಂದರೂ ಬಿಡಿಸಿಕೊಳ್ಳುವ ಹಕ್ಕು ಉಳಿದಿರುವುದಿಲ್ಲ.

ಒಂದು ಮನೆಯ ಲೆಕ್ಕ

ಬರಿಯ ಕಲಮುಗಳಿಂದ ನಿರ್ಣಯ ಆಗುವುದಿಲ್ಲವಾದ್ದರಿಂದ ಉದಾಹರಣೆಗೆಂದು ಕಲ್ಪಿಸಿದ ಒಂದು ಲೆಕ್ಕವನ್ನು ನೋಡಬಹುದು. ಕೊಳವೆ, ಪಂಪುಸೆಟ್ಟು, ಹನಿ ನೀರಾವರಿ ಸಾಮಗ್ರಿಯ ಅಂಗಡಿ. ಗಿರಾಕಿಗಳು ಕಬ್ಬು ಬೆಳೆಗಾರರು. ಉದ್ರಿ ತೀರುವುದು ಕಾರ್ಖಾನೆಯ ಬಿಲ್ಲು ಬಂದಾಗ. ತಂದೆಯ ಸ್ವಯಾರ್ಜಿತ ಮನೆ. ತಂದೆ ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇವರಿಗೆ ತಲಾ ನಾಲ್ಕನೆಯ ಒಂದು ಪಾಲು. ಅಂಗಡಿ ಹಿರಿಯ ಮಗನದು. ಬ್ಯಾಂಕಿನ ಸಿ.ಸಿ. ಸಾಲಕ್ಕೆ ಮನೆ ತಾರಣ. ಉಳಿದ ಮೂವರೂ ಜಾಮೀನುದಾರರಾಗಿ ಸಹಿ ಮಾಡಿದ್ದಾರೆ. ಬ್ಯಾಂಕಿನ ಬಾಕಿ 42 ಲಕ್ಷ. ಮಾಲು ಪೂರೈಸಿದವರಿಗೂ ಕೈಗಡದವರಿಗೂ ಸೇರಿ ಇನ್ನೊಂದು 30 ಲಕ್ಷ. ಅಂಗಡಿಯಲ್ಲಿ ಉಳಿದ ಮಾಲು ಮತ್ತು ಬರತಕ್ಕ ಉದ್ರಿ ಸೇರಿ 10 ಲಕ್ಷ. ಮನೆಗೆ ಪೇಟೆಯಲ್ಲಿ 60 ಲಕ್ಷ ಬರಬಹುದು.

ಕುಟುಂಬವು ಕೈಕಟ್ಟಿ ಕುಳಿತರೆ ಬಡ್ಡಿ, ವೆಚ್ಚಗಳು ಸೇರಿ ಲಿಲಾವಿನ ಹೊತ್ತಿಗೆ ಬಾಕಿ 46 ಲಕ್ಷವಾಗಿದೆ ಎನ್ನೋಣ. ಲಿಲಾವಿನಲ್ಲಿ ಮನೆ 48 ಲಕ್ಷಕ್ಕೆ ಹೋದರೆ ನಾಲ್ವರಿಗೂ ಸೇರಿ ಉಳಿಯುವುದು 2 ಲಕ್ಷ. 44 ಲಕ್ಷಕ್ಕೆ ಹೋದರೆ ಉಳಿಯುವುದು ಶೂನ್ಯ. ಜೊತೆಗೆ ಇನ್ನೂ 2 ಲಕ್ಷಕ್ಕೆ ನಾಲ್ವರೂ ಹೊಣೆ. ಮನೆ ಹೋದರೆ ಸಾಲವೂ ಹೋಯಿತೆಂಬುದು ಈ ದೇಶದ ಕಾನೂನಲ್ಲ. ಒಪ್ಪಂದಗಳ ಕಾಯ್ದೆಯ 128ನೆಯ ಕಲಮಿನಂತೆ ಜಾಮೀನುದಾರನ ಹೊಣೆಯು ಸಾಲಗಾರನಷ್ಟೇ ದೊಡ್ಡದು. ತಮ್ಮನಿಗೆ ಬೇರೆ ಸೈಟಿದ್ದರೆ ಬ್ಯಾಂಕು ಅದರ ಬೆನ್ನು ಹತ್ತಬಹುದು.

ಅದೇ ಕುಟುಂಬ ಮೊದಲೇ ಎಚ್ಚೆತ್ತು ಬ್ಯಾಂಕಿನ ಒಪ್ಪಿಗೆಯೊಡನೆ ತಾನೇ ಮನೆಯನ್ನು 60 ಲಕ್ಷಕ್ಕೆ ಮಾರಿದರೆ 42 ಲಕ್ಷ ಬ್ಯಾಂಕಿಗೆ ಹೋಗಿ 18 ಲಕ್ಷ ಉಳಿಯುತ್ತದೆ. ಇದನ್ನು ನಾಲ್ಕು ಭಾಗ ಮಾಡುವುದು ತಪ್ಪು. ಸಾಲ ಹಿರಿಯನದು, ಅವನ ಪಾಲಿನ 15 ಲಕ್ಷ ಮೊದಲು ಅದಕ್ಕೆ ಸಲ್ಲಬೇಕು. ಉಳಿದ 27 ಲಕ್ಷವನ್ನು ಮೂವರು ಜಾಮೀನುದಾರರು ತಲಾ 9 ಲಕ್ಷದಂತೆ ಅವನ ಪರವಾಗಿ ಕೊಟ್ಟಂತಾಯಿತು. ಆದ್ದರಿಂದ ಆ 18 ಲಕ್ಷ ಆ ಮೂವರದು, ತಲಾ 6 ಲಕ್ಷ. ಹಿರಿಯನು ಅವರಿಗೆ ತಲಾ 9 ಲಕ್ಷದ ಋಣಿ. ತಾಯಿಗೂ ತಂಗಿಗೂ ಈ ಲೆಕ್ಕವನ್ನು ಕಾಗದದ ಮೇಲೆ ತೋರಿಸುವ ಮನೆಗಳು ವಿರಳ. ಸಂಬಂಧಗಳು ಕೆಡುವುದು ಬಹುಶಃ ಬ್ಯಾಂಕಿನಿಂದಲ್ಲ, ಈ ಲೆಕ್ಕವನ್ನು ಮುಚ್ಚಿಡುವುದರಿಂದ.

ಇದರ ಮೇಲೆ ಹಿರಿಯನು ದಿವಾಳಿ ಅರ್ಜಿ ಹಾಕಿದರೇನು? ಬ್ಯಾಂಕು ತನ್ನ ಹಣ ಪಡೆದು ಹೋಗಿದೆ. ಉಳಿದದ್ದು 10 ಲಕ್ಷದ ಮಾಲು ಮತ್ತು ಉದ್ರಿ. ಅದರ ಮೇಲೆ ಹಕ್ಕು ಹೇಳುವವರು ಹೊರಗಿನ 30 ಲಕ್ಷದವರು ಮತ್ತು 27 ಲಕ್ಷ ಕಳೆದುಕೊಂಡ ಮನೆಯವರು, ಒಟ್ಟು 57 ಲಕ್ಷ. ರಿಸೀವರ್ ವೆಚ್ಚ ಕಳೆಯುವ ಮೊದಲೇ ರೂಪಾಯಿಗೆ ಹದಿನೇಳೂವರೆ ಪೈಸೆ. 1920ರ ಕಾಯ್ದೆಯ 42ನೆಯ ಕಲಮು ಇಲ್ಲಿ ಅಡ್ಡ ಬರುತ್ತದೆ. ಆಸ್ತಿಯು ರೂಪಾಯಿಗೆ ಎಂಟಾಣೆಯಷ್ಟಾದರೂ ಇಲ್ಲದಿದ್ದರೆ ಪೂರ್ಣ ವಿಮೋಚನೆಯನ್ನು ನ್ಯಾಯಾಲಯ ನಿರಾಕರಿಸಬೇಕು. ತನ್ನ ಕೈಮೀರಿದ ಕಾರಣದಿಂದ ಹೀಗಾಯಿತೆಂದು ಅರ್ಜಿದಾರನು ಮನವರಿಕೆ ಮಾಡಿಕೊಟ್ಟರೆ ಮಾತು ಬೇರೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ಪ್ರವಾಹದಿಂದ ಅಂಗಡಿ ಮುಳುಗಿದವರು, 2020ರ ಲಾಕ್‌ಡೌನ್‌ನಲ್ಲಿ ಮಗ್ಗ ನಿಲ್ಲಿಸಿದವರು ಈ ವಾದವನ್ನು ಹೂಡಬಹುದು. ಆದರೆ ಅದೇ ಕಲಮು ಹಿಂದಿನ ಮೂರು ವರ್ಷಗಳ ಲೆಕ್ಕದ ಪುಸ್ತಕಗಳನ್ನೂ ಕೇಳುತ್ತದೆ. ದಿವಾಳಿಯೆಂದು ತಿಳಿದ ಮೇಲೂ ವ್ಯಾಪಾರ ಮುಂದುವರಿಸಿದ್ದರೆ, ಸಟ್ಟಾ ಆಡಿದ್ದರೆ ಅದನ್ನೂ ಅವನ ವಿರುದ್ಧ ಹಿಡಿಯುತ್ತದೆ. ಚೀಟಿಯ ಮೇಲೆ ಉದ್ರಿ ಬರೆದಿಟ್ಟುಕೊಂಡ ಅಂಗಡಿಕಾರನಿಗೆ ಇದು ದೊಡ್ಡ ತೊಡಕು.

ಸಹಿ ಮಾಡದ ತಂಗಿ

ಮೇಲಿನ ಉದಾಹರಣೆಯಲ್ಲಿ ತಂಗಿ ಸಹಿ ಹಾಕಿರದಿದ್ದರೆ ಚಿತ್ರವೆಲ್ಲ ಬದಲಾಗುತ್ತದೆ. ತನ್ನದಲ್ಲದ ಪಾಲನ್ನು ಯಾರೂ ತಾರಣವಿಡಲಾರರು. ಬ್ಯಾಂಕಿಗೆ ದಕ್ಕುವುದು ಮುಕ್ಕಾಲು ಮನೆ. ಆ ಮುಕ್ಕಾಲನ್ನು ಲಿಲಾವಿನಲ್ಲಿ ಕೊಂಡವನಿಗೂ ಸುಖವಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 44ನೆಯ ಕಲಮಿನಂತೆ ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನು ಮನೆಯೊಳಗೆ ಬಂದು ಜಂಟಿಯಾಗಿ ನೆಲಸುವ ಹಕ್ಕು ಪಡೆಯುವುದಿಲ್ಲ. ಅವನು ವಾಟ್ನಿಗೆ ದಾವೆ ಹೂಡಬೇಕು. ಹೂಡಿದರೆ 1893ರ ವಿಭಾಗ ಕಾಯ್ದೆಯ 4ನೆಯ ಕಲಮು ಮನೆಯವರಿಗೆ ಅನುಕೂಲವಾಗಿ ನಿಲ್ಲುತ್ತದೆ: ಪಾಲುದಾರರಾದ ಮನೆಯವರು ತಾವೇ ಕೊಳ್ಳುವುದಾಗಿ ಮುಂದೆ ಬಂದರೆ ನ್ಯಾಯಾಲಯವು ಬೆಲೆ ಕಟ್ಟಿ ಹೊರಗಿನವನ ಪಾಲನ್ನು ಅವರಿಗೇ ಮಾರಿಸುತ್ತದೆ. ಈ ಕಲಮನ್ನು ಬಲ್ಲ ಕೊಳ್ಳುವವರು ಇಂಥ ಮನೆಯ ಲಿಲಾವಿನಿಂದ ದೂರವಿರುತ್ತಾರೆ. ಹಾಗಾಗಿ ಬ್ಯಾಂಕೂ ರಾಜಿಗೆ ಮನಸ್ಸು ಮಾಡುತ್ತದೆ.

ಸರ್ಫೇಸಿ ಕ್ರಮ ಆರಂಭವಾದ ಮೇಲೆ ಸಿವಿಲ್ ನ್ಯಾಯಾಲಯದ ಬಾಗಿಲು ಮುಚ್ಚಿತು ಎಂದು ಇಂಥ ಪಾಲುದಾರರನ್ನು ಹೆದರಿಸುವುದುಂಟು. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಪಕ್ಷಗಾರನಾಗಿದ್ದ ಒಂದು ಪ್ರಕರಣದಲ್ಲಿ, ಕುಟುಂಬದ ಆಸ್ತಿಯಲ್ಲಿ ಪಾಲು ಕೇಳಿದ ಮಹಿಳೆಯ ದಾವೆ ಸಿವಿಲ್ ನ್ಯಾಯಾಲಯದಲ್ಲಿ ನಡೆಯಬಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿ 9ರಂದು ತೀರ್ಪಿತ್ತಿತು. ಒಡೆತನದ ಪ್ರಶ್ನೆಯನ್ನು ನಿರ್ಣಯಿಸುವ ಅಧಿಕಾರ ಸಾಲ ವಸೂಲಾತಿ ನ್ಯಾಯಮಂಡಳಿಗಿಲ್ಲ ಎಂಬುದು ಅದರ ಸಾರ.

ಮನೆಯು ತಂದೆಯ ಸ್ವಯಾರ್ಜಿತವಾಗಿರದೆ ಪಿತ್ರಾರ್ಜಿತವಾಗಿದ್ದರೆ ಮಿತಾಕ್ಷರ ನ್ಯಾಯ ಬರುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ವ್ಯಾಖ್ಯಾನವು ಒಂಬತ್ತು ಶತಮಾನಗಳ ಬಳಿಕವೂ ಮುಧೋಳದ ಬ್ಯಾಂಕು ಸಾಲದಲ್ಲಿ ಹಣಕಿ ಹಾಕುವುದು ಸೋಜಿಗವೇ ಸರಿ. ಕುಟುಂಬದ ಕರ್ತನು ಕಾನೂನುಬದ್ಧ ಅವಶ್ಯಕತೆಗಾಗಿ ಇಡೀ ಆಸ್ತಿಯನ್ನು ತಾರಣವಿಡಬಹುದು. ಆದರೆ ಹೊಸದಾಗಿ ಹೂಡಿದ ವ್ಯಾಪಾರದ ಸಾಲವನ್ನು ಕುಟುಂಬದ ಅಪ್ರಾಪ್ತ ವಯಸ್ಕರ ಪಾಲಿನ ಮೇಲೆ ಹೇರಲು ಕರ್ತನಿಗೆ ಅಧಿಕಾರವಿಲ್ಲವೆಂದು ಪ್ರಿವಿ ಕೌನ್ಸಿಲ್ 1922ರಲ್ಲಿಯೂ 1932ರಲ್ಲಿಯೂ ಹೇಳಿತು. ಮುಂಬಯಿ ಶಾಖೆಯ ನಿಯಮ ನಡೆದುಬಂದಿರುವ ಈ ಸೀಮೆಯಲ್ಲಿ ಒಬ್ಬ ಸಹಭಾಗಿಯು ಉಳಿದವರನ್ನು ಕೇಳದೆಯೂ ತನ್ನ ಅವಿಭಕ್ತ ಪಾಲನ್ನು ಪ್ರತಿಫಲಕ್ಕಾಗಿ ಮಾರಬಹುದು, ತಾರಣವಿಡಬಹುದು. ಹೆಣ್ಣುಮಕ್ಕಳಿಗೆ ಕರ್ನಾಟಕವು 1994ರ ತಿದ್ದುಪಡಿಯಿಂದ, ಕೇಂದ್ರವು 2005ರ ಸೆಪ್ಟೆಂಬರ್ 9ರಿಂದ ಸಹಭಾಗಿತ್ವ ಕೊಟ್ಟಿವೆ. ತಂದೆ ಆ ದಿನ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂಬ ಹಳೆಯ ಕಾರಣವೊಂದನ್ನೇ ಮುಂದೆ ಮಾಡಿ, 2005ರ ಆ ದಿನದ ನಂತರದ ಸಾಲಕ್ಕೆ ಮಗನ ಮೇಲೆ ದಾವೆ ನಡೆಯದು. ಮಗ ಸಹಿ ಹಾಕಿದ್ದರೆ ಅದು ಧರ್ಮದ ಮಾತಲ್ಲ, ಒಪ್ಪಂದದ ಮಾತು.

ದಿವಾಳಿಗೆ ಉಪಯೋಗವೇ ಇಲ್ಲವೇ?

ಇದೆ, ಆದರೆ ಮನೆಯ ಮಟ್ಟಿಗಲ್ಲ. ಮನೆ ಈಗಾಗಲೇ ಹೋಗಿದ್ದು, ಹಲವಾರು ಕೈಗಡದವರು ಡಿಕ್ರಿ ಪಡೆದು ಒಬ್ಬೊಬ್ಬರಾಗಿ ಜಪ್ತಿಗೆ ಬರುತ್ತಿರುವಾಗ, ಮತ್ತು ಸಾಲಗಾರನ ಬಳಿ ಶುದ್ಧ ಲೆಕ್ಕ ಇರುವಾಗ ದಿವಾಳಿ ಅರ್ಜಿ ಅವನಿಗೆ ಉಸಿರಾಡಲು ಜಾಗ ಕೊಡುತ್ತದೆ. ಎಲ್ಲರಿಗೂ ಇದ್ದುದರಲ್ಲಿ ಸಮನಾಗಿ ಹಂಚಿಕೆಯಾಗುವುದು ಸಾಲ ಕೊಟ್ಟವರ ದೃಷ್ಟಿಯಿಂದಲೂ ನ್ಯಾಯವೇ. ಜೈಲಿನ ಭಯದಿಂದ ಮಾತ್ರ ದಿವಾಳಿಗೆ ಹೋಗುವುದು ಅನಗತ್ಯ. ತೀರಿಸುವ ಶಕ್ತಿಯೇ ಇಲ್ಲದವನನ್ನು ಕೇವಲ ಸಾಲಕ್ಕಾಗಿ ಸೆರೆಗೆ ಹಾಕಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿಯೇ ಹೇಳಿದೆ. ಚೆಕ್ಕು ಅಮಾನ್ಯವಾದ ಪ್ರಕರಣ ಬೇರೆ. 2016ರ ಸಂಹಿತೆಯ ಅಡಿಯ ವೈಯಕ್ತಿಕ ದಿವಾಳಿ ಅರ್ಜಿಯೂ ಅದನ್ನು ತಡೆಯದೆಂದು ಅದೇ ನ್ಯಾಯಾಲಯ 2025ರಲ್ಲಿ ನುಡಿದಿದೆ. ಖಾಲಿ ಚೆಕ್ಕುಗಳನ್ನು ಹಂಚಿದ ವರ್ತಕನಿಗೆ ಈ ಕವಚದಲ್ಲಿ ದೊಡ್ಡ ರಂಧ್ರವೇ ಇದೆ.

ಬೆಲೆಯೂ ತೆರಬೇಕಾಗುತ್ತದೆ. ವಿಮೋಚನೆಯಾಗದ ದಿವಾಳಿಯು ಪುರಸಭೆ, ನಗರಸಭೆಗಳಲ್ಲಿ ಕೂಡುವಂತಿಲ್ಲ, ಶಾಸಕನಾಗುವಂತಿಲ್ಲ. ತಾರಣವಿಡದ ಜಂಟಿ ಮನೆಯಿದ್ದರೆ ಅವನ ಪಾಲು ರಿಸೀವರ್‌ಗೆ ಹೋಗುತ್ತದೆ; ರಿಸೀವರ್ ಆ ಪಾಲನ್ನು ಮಾರಬಹುದು. ಸಾಲವಿಲ್ಲದ ತಮ್ಮ, ತಂಗಿಯರಿಗೆ ಮೊದಲ ಬಾರಿ ಮನೆಯ ಚಿಂತೆ ಹತ್ತುವುದು ಆಗ. ಆ ಪಾಲನ್ನು ನ್ಯಾಯವಾದ ಬೆಲೆಗೆ ತಾವೇ ಕೊಳ್ಳಲು ಅವರು ಹಣ ಹೊಂದಿಸಿಟ್ಟುಕೊಂಡ ಮೇಲೆಯೇ ಅಣ್ಣನು ಅರ್ಜಿಗೆ ಸಹಿ ಹಾಕುವುದು ವಿವೇಕ.

ಇನ್ನೊಂದು ದಾರಿ ಬಜಾರಿನಲ್ಲಿ ಗುಟ್ಟಾಗಿ ಹೇಳಲ್ಪಡುವಂಥದು: ಮನೆಯನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡುವುದು, ಇಲ್ಲವೇ ಮಕ್ಕಳ ಹೆಸರಿನಲ್ಲಿ ತೋರಿಕೆಯ ವಾಟ್ನಿ ದಾವೆ ಹಾಕಿಸುವುದು. ದಿವಾಳಿ ಕಾಯ್ದೆಯ 53ನೆಯ ಕಲಮಿನಂತೆ ಹಿಂದಿನ ಎರಡು ವರ್ಷಗಳೊಳಗೆ ಪ್ರತಿಫಲವಿಲ್ಲದೆ ಮಾಡಿದ ವರ್ಗಾವಣೆ ರದ್ದಾಗಬಲ್ಲದು. ಅರ್ಜಿಯ ಹಿಂದಿನ ಮೂರು ತಿಂಗಳಲ್ಲಿ ಒಬ್ಬ ನೆಂಟನ ಸಾಲವನ್ನು ಮಾತ್ರ ತೀರಿಸಿ ಪಕ್ಷಪಾತ ಮಾಡಿದ್ದರೆ ಅದೂ ನಿಲ್ಲದು. ಆಸ್ತಿ ಅಡಗಿಸಿದ್ದು ಸಾಬೀತಾದರೆ ಒಂದು ವರ್ಷದವರೆಗೆ ಸೆರೆವಾಸವಿದೆ. ಸುಳ್ಳು ದಾವೆ ಒಂದೆರಡು ವರ್ಷ ಕಾಲ ತಳ್ಳಬಹುದು; ಅಷ್ಟರಲ್ಲಿ ಬಡ್ಡಿಯು ಮನೆಯ ಉಳಿದ ಬೆಲೆಯನ್ನು ತಿಂದುಹಾಕಿರುತ್ತದೆ, ತಂಗಿಯ ನಿಜವಾದ ಹಕ್ಕೂ ಸುಳ್ಳಿನ ಬಣ್ಣ ಪಡೆದಿರುತ್ತದೆ.

ಪ್ರಕಟಣೆಗೆ ಮೊದಲು

ಹಾಗಾದರೆ ಮಾಡಬೇಕಾದ್ದೇನು? ಖಾತೆ ಕೆಡುವ ಮೊದಲೇ, ಎರಡನೆಯ ಕಂತು ತಪ್ಪುತ್ತಿದ್ದಂತೆಯೇ, ಉದ್ಯಮ್ ನೋಂದಣಿ ಇರುವ ಉದ್ದಿಮೆದಾರನು ಪುನಶ್ಚೇತನಕ್ಕೆ ಬರಹದಲ್ಲಿ ಅರ್ಜಿ ಕೊಡಬೇಕು. ವಾಣಿಜ್ಯ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು 2016ರ ಮಾರ್ಚ್ 17ರಂದು ಇದಕ್ಕಾಗಿ ಚೌಕಟ್ಟು ಹಾಕಿಕೊಟ್ಟಿದೆ. 25 ಕೋಟಿವರೆಗಿನ ಸಾಲಗಳಿಗೆ ಅದು ಅನ್ವಯ. ಈ ಚೌಕಟ್ಟು ಬ್ಯಾಂಕುಗಳನ್ನು ಬಂಧಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 2024ರ ಆಗಸ್ಟ್ 1ರಂದು ತೀರ್ಪಿತ್ತಿತು. ಆದರೆ ತಾನು ಸಣ್ಣ ಉದ್ದಿಮೆದಾರನೆಂದು ಖಾತೆ ಅನುತ್ಪಾದಕವಾಗುವ ಮೊದಲೇ ದಾಖಲೆ ಸಹಿತ ತಿಳಿಸುವ ಹೊಣೆ ಸಾಲಗಾರನದು ಎಂದೂ ಹೇಳಿತು. ಲಿಲಾವಿನ ಹಿಂದಿನ ದಿನ ಈ ಕಾಗದವನ್ನು ಎತ್ತಿ ತೋರಿಸುವುದರಿಂದ ಫಲವಿಲ್ಲ.

ಅದು ಕೈಗೂಡದಿದ್ದರೆ ಉಳಿದದ್ದು ಏಕಗಂಟಿನ ತೀರುವಳಿ ಮತ್ತು ಸ್ವಂತ ಮಾರಾಟ. ತೀರುವಳಿಯನ್ನು ಹಕ್ಕೆಂದು ಕೇಳಲಾಗದು. ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹಾಗೆಂದಿದೆ. ಆದರೆ ಕೊಳ್ಳುವವನನ್ನು ಜೊತೆಗೆ ಕರೆದುಕೊಂಡು, ಮುಂಗಡದ ಚೆಕ್ಕಿನೊಡನೆ ಬರುವ ಕುಟುಂಬದ ಮಾತಿಗೆ ಬ್ಯಾಂಕಿನ ಆಡಳಿತ ಮಂಡಳಿ ಕಿವಿಗೊಡುವುದು ಸಹಜ. ಬೇಡಿಕೆ ನೋಟೀಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆ ಮಾರುವಂತಿಲ್ಲ ಎಂಬುದನ್ನು ಮರೆಯಬಾರದು. ಕರಾರುಪತ್ರಕ್ಕೆ ಮುನ್ನವೇ ಆ ಒಪ್ಪಿಗೆ ಬೇಕು. ಲಿಲಾವಿನ ಬದಲು ಖಾಸಗಿ ಒಪ್ಪಂದದ ಮಾರಾಟಕ್ಕೂ ಆ ಕಾಯ್ದೆಯ ನಿಯಮಗಳಲ್ಲಿ ಅವಕಾಶವಿದೆ.

ಒಪ್ಪಂದ ಕುದುರಿದಾಗ ಅದನ್ನು ಲೋಕ ಅದಾಲತ್ತಿನಲ್ಲಿ ಬರೆಸುವುದು ಜಂಟಿ ಮನೆಯವರಿಗೆ ಅನುಕೂಲ. ಅಲ್ಲಿನ ತೀರ್ಪಿಗೆ ಸಿವಿಲ್ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಉಳಿಕೆ ಹಣದಲ್ಲಿ ಯಾರಿಗೆ ಎಷ್ಟು, ಹಿರಿಯನು ಉಳಿದವರಿಗೆ ಎಷ್ಟು ಋಣಿ, ಜಾಮೀನುದಾರರು ಪೂರ್ಣ ಬಿಡುಗಡೆ ಹೊಂದಿದರೇ ಎಂಬ ಮೂರನ್ನೂ ಅದರಲ್ಲಿಯೇ ಕಾಣಿಸಬೇಕು. ಗಂಡನ ಮನೆಯಲ್ಲಿರುವ ಮಗಳನ್ನು ಅಂದು ಕರೆಸಿ ಅವಳ ಸಹಿ ಪಡೆಯಬೇಕು. ಅವಳ ಪರವಾಗಿ ಅಣ್ಣನು ಮಾತು ಕೊಡುವುದರಿಂದ ಕೊಳ್ಳುವವನಿಗೆ ಶುದ್ಧ ಹಕ್ಕು ದೊರೆಯದು.

ಹಣ ಕಟ್ಟಿ ಮುಗಿದ ಮೇಲೆ ಮೂಲ ಪತ್ರಗಳನ್ನು 30 ದಿನಗಳೊಳಗೆ ಹಿಂದಿರುಗಿಸಬೇಕೆಂದೂ, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ 13ರ ಆದೇಶ ವಿಧಿಸಿದೆ. ಸಹಕಾರಿ ಬ್ಯಾಂಕುಗಳಿಗೂ ಅದು ಅನ್ವಯಿಸುತ್ತದೆ. ಪತ್ರಗಳು ಕೈಸೇರಿದ ವಾರದಲ್ಲೇ ಸಿಟಿ ಸರ್ವೆ ಕಚೇರಿಗೆ ಹೋಗಿ ಉತಾರದಲ್ಲಿನ ಬೋಜಾ ಕಡಿಮೆ ಮಾಡಿಸಿಕೊಂಡು, ಹೊಸ ಉತಾರದ ನಕಲನ್ನು ಸಹಿ ಹಾಕಿದ ಪ್ರತಿಯೊಬ್ಬರಿಗೂ ಒಂದೊಂದರಂತೆ ಕೊಡಬೇಕು.